ಅಕ್ಷಯನೀವಿ: ನಾಸಿಕದ ಗುಹಾಶಾಸನಗಳಲ್ಲಿ ದತ್ತಿಧನದ ವ್ಯವಸ್ಥೆ

ದಾನದಲ್ಲಿ ಎರಡು ಬಗೆಯುಂಟು. ಕೊಟ್ಟೊಡನೆ ಮುಗಿಯುವುದು ಒಂದು. ಕೊಟ್ಟ ಮೇಲೆ ಮೊದಲಾಗುವುದು ಇನ್ನೊಂದು. ಹಸಿದು ಬಂದವನಿಗೆ ನೀಡಿದ ಅನ್ನ ಮೊದಲನೆಯ ಬಗೆಯದು. ಅವನ ಹಸಿವಿನೊಡನೆ ಆ ದಾನದ ಕಾರ್ಯವೂ ತೀರುತ್ತದೆ. ಆದರೆ ವರ್ಷವರ್ಷವೂ ಒಬ್ಬ ವಿದ್ಯಾರ್ಥಿಗೆ ಊಟ ದೊರೆಯಲಿ, ಒಂದು ದೀಪ ಆರದೆ ಉರಿಯಲಿ, ಒಬ್ಬ ರೋಗಿಗೆ ಔಷಧಿ ಸಿಗಲಿ ಎಂದು ಒಂದಿಷ್ಟು ಧನವನ್ನು ತೆಗೆದಿಟ್ಟರೆ, ಆ ದಾನಕ್ಕೆ ದಾತೃವಿನ ಆಯುಷ್ಯವನ್ನು ಮೀರಿದ ಬಾಳು ಬರುತ್ತದೆ. ಆ ಬಾಳು ಎಷ್ಟು ದೀರ್ಘವಾದೀತು, ಅದನ್ನು ಕಾಯುವವರು ಯಾರು, ಕಾಲ ಬದಲಾದಾಗ ಅದರ ಗತಿಯೇನು ಎಂಬ ಪ್ರಶ್ನೆಗಳು ಹೊಸವಲ್ಲ. ಸುಮಾರು 1,900 ವರ್ಷಗಳ ಹಿಂದೆಯೇ ನಮ್ಮ ದೇಶದ ದಾನಿಗಳು ಇವನ್ನು ಎದುರಿಸಿ, ತಮಗೆ ತೋಚಿದ ಉತ್ತರಗಳನ್ನು ಬಂಡೆಯ ಮೇಲೆ ಬರೆಯಿಸಿದ್ದಾರೆ. ಆ ಉತ್ತರಗಳಿಗೆ ಅವರು ಇಟ್ಟ ಹೆಸರು 'ಅಕ್ಷಯನೀವಿ'.

ಪದದ ಅರ್ಥ

'ನೀವಿ' ಎಂಬ ಶಬ್ದ ಕಾವ್ಯಾಭ್ಯಾಸಿಗಳಿಗೆ ಪರಿಚಿತವಾದುದು. ಸೊಂಟದಲ್ಲಿ ಉಟ್ಟ ಬಟ್ಟೆಯ ಗಂಟು ಎಂಬುದು ಕಾವ್ಯಗಳಲ್ಲಿ ಅದರ ರೂಢಾರ್ಥ. ಅಮರಕೋಶ ಅದೇ ಶಬ್ದಕ್ಕೆ ಮೂಲಧನವೆಂಬ ಅರ್ಥವನ್ನೂ ಹೇಳುತ್ತದೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಆಯವ್ಯಯಗಳನ್ನು ಕಳೆದು ಉಳಿದ ಶಿಲ್ಕಿಗೆ 'ನೀವಿ' ಎಂದು ಹೆಸರು. ಹಣವನ್ನು ಸೊಂಟದ ಸೆರಗಿನಲ್ಲಿ ಕಟ್ಟಿಕೊಳ್ಳುವ ವಾಡಿಕೆಯನ್ನು ಬಲ್ಲವರಿಗೆ ಈ ಅರ್ಥಗಳ ನಡುವಣ ನಂಟು ಅಚ್ಚರಿಯೆನಿಸದು. ಅಕ್ಷಯನೀವಿಯೆಂದರೆ ಬಿಚ್ಚಬಾರದ ಗಂಟು. ಮೂಲವನ್ನು ಮುಟ್ಟದೆ, ಅದರಿಂದ ಹುಟ್ಟುವ ವೃದ್ಧಿಯನ್ನು ಮಾತ್ರ ಉದ್ದೇಶಿತ ಧರ್ಮಕ್ಕೆ ವಿನಿಯೋಗಿಸಬೇಕೆಂಬುದು ಅದರ ಕಟ್ಟಳೆ.

ಈ ಕಟ್ಟಳೆ ನಡೆದ ಬಗೆಯನ್ನು ಒಂದೇ ಸ್ಥಳದಲ್ಲಿ, ಹಲವು ತಲೆಮಾರುಗಳ ಕಾಲ ಗುರುತಿಸಲು ಸಾಧ್ಯವಾಗಿರುವುದು ನಾಸಿಕದ ಬೆಟ್ಟದಲ್ಲಿ. ನಗರದ ದಕ್ಷಿಣಕ್ಕೆ ಸುಮಾರು 8 ಕಿಲೋಮೀಟರ್ ದೂರದ ಈ ಬೆಟ್ಟಕ್ಕೆ ಶಾಸನಗಳಲ್ಲಿ ತ್ರಿರಶ್ಮಿ ಎಂದು ಹೆಸರು. ಜನರ ಬಾಯಲ್ಲಿ ಅದು ಪಾಂಡವಲೇಣಿ. ಇಲ್ಲಿ ಬೌದ್ಧ ಭಿಕ್ಷುಗಳ ವಾಸಕ್ಕೂ ಪೂಜೆಗೂ ಕೊರೆದ 24 ಗುಹೆಗಳಿವೆ. ಗುಹೆಗಳ ಗೋಡೆಗಳ ಮೇಲೆ ಬ್ರಾಹ್ಮೀ ಲಿಪಿಯಲ್ಲಿ, ಬಹುಮಟ್ಟಿಗೆ ಪ್ರಾಕೃತ ಭಾಷೆಯಲ್ಲಿ, ದಾನಶಾಸನಗಳಿವೆ. ಇವುಗಳಲ್ಲಿ ರಾಜರ ವಂಶಾವಳಿಗಳನ್ನು ಹುಡುಕಿದವರು ಹಲವರು. ದಾನದ ಲೆಕ್ಕವನ್ನು ಹುಡುಕಿದರೆ ಬೇರೊಂದು ಚರಿತ್ರೆ ತೆರೆದುಕೊಳ್ಳುತ್ತದೆ.

ನೂರು ಕಾರ್ಷಾಪಣಗಳ ದತ್ತಿ

ಈ ಬೆಟ್ಟದ ದತ್ತಿಗಳಲ್ಲಿ ಅತ್ಯಂತ ಚಿಕ್ಕವುಗಳಲ್ಲಿ ಒಂದು ರಾಮಣ್ಣಕನೆಂಬಾತನದು. ಅವನು ಒಂದು ಗುಹೆಯನ್ನು ಕೊರೆಯಿಸಿ, ಅದರ ಜೊತೆಗೆ 100 ಕಾರ್ಷಾಪಣಗಳನ್ನು ಅಕ್ಷಯನೀವಿಯಾಗಿ ಸಂಘದ ಕೈಯಲ್ಲಿ ಇಟ್ಟನು. ಮಳೆಗಾಲದಲ್ಲಿ ಆ ಗುಹೆಯಲ್ಲಿ ವರ್ಷಾವಾಸ ಮಾಡುವ ಒಬ್ಬ ಭಿಕ್ಷುವಿಗೆ ಬಟ್ಟೆಗಾಗಿ 12 ಕಾರ್ಷಾಪಣಗಳು ಸಲ್ಲಬೇಕು. ಇದಿಷ್ಟೇ ಶಾಸನದ ತಾತ್ಪರ್ಯ. ಬಡ್ಡಿಯ ದರವನ್ನು ಅದು ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ನೂರಕ್ಕೆ ತಿಂಗಳಿಗೆ ಒಂದು, ಹನ್ನೆರಡು ತಿಂಗಳಿಗೆ ಹನ್ನೆರಡು ಎಂಬುದು ಮೇಲ್ನೋಟಕ್ಕೇ ಗೊತ್ತಾಗುವ ಲೆಕ್ಕ.

ಒಂದು ಗುಹೆ, ಒಬ್ಬ ಭಿಕ್ಷು, ಒಂದು ಬಟ್ಟೆ. ಮಳೆಗಾಲ ಮುಗಿದು ಸಂಚಾರಕ್ಕೆ ಹೊರಡುವವನಿಗೆ ಮೈಮೇಲೆ ಹೊದೆಯಲು ಒಂದು ಚೀವರವಿರಲಿ ಎಂಬುದು ಆ ದಾನಿಯ ಆಶಯ. ದಾನದ ಗಾತ್ರ ಚಿಕ್ಕದಾದರೂ ಅದರ ಅಂಗಗಳು ಪೂರ್ಣವಾಗಿವೆ: ಮೂಲಧನವುಂಟು, ಅದನ್ನು ಹಿಡಿದಿರುವವರುಂಟು, ಫಲ ಸಲ್ಲಬೇಕಾದ ವ್ಯಕ್ತಿಯುಂಟು, ಸಲ್ಲಬೇಕಾದ ಮೊತ್ತವೂ ಉಂಟು. ಮುಂದೆ ಹೇಳುವ ದೊಡ್ಡ ದತ್ತಿಗಳೆಲ್ಲ ಇದೇ ಮಾದರಿಯ ವಿಸ್ತರಣೆಗಳು.

ಉಷವದಾತನ ಮೂರು ಸಾವಿರ

ಕ್ಷಹರಾತ ವಂಶದ ಕ್ಷತ್ರಪ ನಹಪಾನನ ಅಳಿಯ ಉಷವದಾತ, ಸಂಸ್ಕೃತದಲ್ಲಿ ಋಷಭದತ್ತ. ಇವರ ಕಾಲವನ್ನು ವಿದ್ವಾಂಸರು ಕ್ರಿ. ಶ. 1 ಅಥವಾ 2ನೆಯ ಶತಮಾನಕ್ಕೆ ಹಾಕುತ್ತಾರೆ. ನಾಸಿಕದ 10ನೆಯ ಗುಹೆ ಉಷವದಾತನ ದಾನ. ಅಲ್ಲಿನ ಶಾಸನವೊಂದರಲ್ಲಿ ಅವನು 42ನೆಯ ವರ್ಷದಲ್ಲಿ ಗುಹೆಯನ್ನು ನಾಲ್ಕು ದಿಕ್ಕುಗಳ ಸಂಘಕ್ಕೆ ಒಪ್ಪಿಸಿ, ಅದರೊಡನೆ 3,000 ಕಾರ್ಷಾಪಣಗಳ ಅಕ್ಷಯನೀವಿಯನ್ನು ಸ್ಥಾಪಿಸಿದ ವಿವರವಿದೆ.

ಈ ಹಣವನ್ನು ಅವನು ಸಂಘದ ಕೈಯಲ್ಲಿಡಲಿಲ್ಲ. ಸಮೀಪದ ಗೋವರ್ಧನದಲ್ಲಿ ನೆಲೆಸಿದ್ದ ನೇಕಾರರ ಶ್ರೇಣಿಗಳಲ್ಲಿ ತೊಡಗಿಸಿದನು. ಒಂದು ನೇಕಾರ ಶ್ರೇಣಿಯಲ್ಲಿ 2,000, ತಿಂಗಳಿಗೆ ನೂರಕ್ಕೆ 1ರಂತೆ. ಇನ್ನೊಂದು ನೇಕಾರ ಶ್ರೇಣಿಯಲ್ಲಿ 1,000, ತಿಂಗಳಿಗೆ ನೂರಕ್ಕೆ ಮುಕ್ಕಾಲರಂತೆ. ಮೂಲವನ್ನು ಹಿಂದಿರುಗಿಸತಕ್ಕದ್ದಲ್ಲ, ವೃದ್ಧಿಯನ್ನು ಮಾತ್ರ ಅನುಭವಿಸತಕ್ಕದ್ದು ಎಂಬ ನಿಬಂಧನೆಯೂ ಸ್ಪಷ್ಟವಾಗಿದೆ. ಮೊದಲನೆಯ ಮೊತ್ತದ ಬಡ್ಡಿಯಿಂದ ಗುಹೆಯಲ್ಲಿ ವರ್ಷಾವಾಸ ಮಾಡುವ 20 ಭಿಕ್ಷುಗಳಿಗೆ ತಲಾ 12 ಕಾರ್ಷಾಪಣಗಳ ಬಟ್ಟೆಯ ಹಣ. ಎರಡನೆಯದರಿಂದ ಇತರ ಸಣ್ಣಪುಟ್ಟ ವೆಚ್ಚ. ಇದಲ್ಲದೆ ಕಾಪುರ ಆಹಾರದ ಚಿಖಲಪದ್ರ ಗ್ರಾಮದಲ್ಲಿ 8,000 ತೆಂಗಿನ ಸಸಿಗಳನ್ನೂ ಕೊಟ್ಟಿದ್ದಾನೆ.

ಈ ಅಂಕೆಗಳನ್ನು ತಾಳೆ ನೋಡಬಹುದು. 2,000ಕ್ಕೆ ತಿಂಗಳಿಗೆ 20, ವರ್ಷಕ್ಕೆ 240. ಇಪ್ಪತ್ತು ಮಂದಿಗೆ ಹನ್ನೆರಡರಂತೆ ಹಂಚಿದರೂ 240. ಒಂದು ಕಾರ್ಷಾಪಣವೂ ಹೆಚ್ಚಿಲ್ಲ, ಕಡಮೆಯಿಲ್ಲ. ರಾಮಣ್ಣಕನ ಗುಹೆಯ ಒಬ್ಬ ಭಿಕ್ಷುವಿಗೂ ಉಷವದಾತನ ಗುಹೆಯ ಇಪ್ಪತ್ತರಲ್ಲಿ ಒಬ್ಬನಿಗೂ ಸಲ್ಲುತ್ತಿದ್ದುದು ಅದೇ ಹನ್ನೆರಡು. ದಾನಿ ಮೊದಲು ಅಗತ್ಯವನ್ನು ಎಣಿಸಿ, ಆ ಬಳಿಕ ಅದಕ್ಕೆ ಬೇಕಾದ ಮೂಲಧನವನ್ನು ಗೊತ್ತುಮಾಡಿದನೆಂಬುದು ಇದರಿಂದ ವ್ಯಕ್ತವಾಗುತ್ತದೆ. ಅದೇ ಶಾಸನದ ಮುಂದುವರಿಕೆಯಲ್ಲಿ ಅವನು ದೇವತೆಗಳಿಗೂ ಬ್ರಾಹ್ಮಣರಿಗೂ 70,000 ಕಾರ್ಷಾಪಣಗಳನ್ನು, ಅಂದರೆ ಸುವರ್ಣವೊಂದಕ್ಕೆ 35ರಂತೆ 2,000 ಸುವರ್ಣಗಳ ಬೆಲೆಯನ್ನು, ಕೊಟ್ಟನೆಂದು ಹೇಳಿದೆ. ಅದರ ಮುಂದೆ ಮೂರು ಸಾವಿರದ ನೀವಿ ಅಲ್ಪವೇ ಸರಿ. ಆದರೆ ನಿರ್ವಹಣೆಯ ವಿವರಗಳು ಬರುವುದು ಈ ಅಲ್ಪ ಮೊತ್ತಕ್ಕೇ. ಒಮ್ಮೆಗೆ ಕೊಟ್ಟು ಮುಗಿಸುವ ದೊಡ್ಡ ದಾನಕ್ಕಿಂತ ಬಾಳಬೇಕಾದ ಚಿಕ್ಕ ದಾನಕ್ಕೆ ಹೆಚ್ಚಿನ ಯೋಚನೆ ಬೇಕು.

ನೇಕಾರರ ಕೈಯಲ್ಲಿ ಏಕೆ?

ಕ್ಷತ್ರಪನ ಅಳಿಯನಾದವನು ಹಣವನ್ನು ರಾಜಭಂಡಾರದಲ್ಲಿಡದೆ ಮಗ್ಗದವರ ಕೈಯಲ್ಲಿ ಇಟ್ಟುದೇಕೆ ಎಂಬುದು ವಿಚಾರಾರ್ಹ. ಶ್ರೇಣಿಯೆಂದರೆ ಒಂದೇ ಕಸುಬಿನವರ ಸಂಘಟನೆ. ಅದಕ್ಕೆ ಮುಖ್ಯಸ್ಥರುಂಟು, ಸಮಯಾಚಾರಗಳುಂಟು, ಸಭೆಯುಂಟು. ಒಬ್ಬ ಸದಸ್ಯ ಸತ್ತರೆ ಶ್ರೇಣಿ ಸಾಯುವುದಿಲ್ಲ. ಇದಲ್ಲದೆ ಬಂದ ಹಣ ಶ್ರೇಣಿಯಲ್ಲಿ ಸುಮ್ಮನೆ ಕೂಡುವುದಿಲ್ಲ. ನೂಲಾಗಿ, ಬಣ್ಣವಾಗಿ, ಮಗ್ಗವಾಗಿ ದುಡಿಯುತ್ತದೆ. ದುಡಿಯುವ ಹಣ ಮಾತ್ರವೇ ಬಡ್ಡಿಯನ್ನು ಹೆತ್ತೀತು. ಬಟ್ಟೆಗಾಗಿ ಇಟ್ಟ ದತ್ತಿಗೆ ಬಟ್ಟೆ ನೇಯುವವರೇ ಕಾವಲುಗಾರರಾದುದರಲ್ಲಿ ಒಂದು ಔಚಿತ್ಯವೂ ಇದೆ.

ಬಡ್ಡಿಯ ದರದಲ್ಲಿಯೂ ವಿವೇಕ ಕಾಣುತ್ತದೆ. ಮನುಸ್ಮೃತಿ ತಿಂಗಳಿಗೆ ಎಂಬತ್ತನೆಯ ಒಂದು ಭಾಗವನ್ನು ನ್ಯಾಯವಾದ ಬಡ್ಡಿಯೆಂದು ಹೇಳುತ್ತದೆ. ಕೌಟಿಲ್ಯನ ಪ್ರಕಾರವೂ ನೂರಕ್ಕೆ ತಿಂಗಳಿಗೆ ಒಂದೂಕಾಲು ಪಣ ಧರ್ಮ್ಯವಾದುದು, ವ್ಯಾಪಾರದ ಸಾಲಕ್ಕೆ 5 ಪಣಗಳವರೆಗೂ ಉಂಟು. ಒಂದೂಕಾಲೆಂದರೆ ವರ್ಷಕ್ಕೆ ನೂರಕ್ಕೆ 15. ಗೋವರ್ಧನದ ನೇಕಾರರು ಒಪ್ಪಿಕೊಂಡದ್ದು 12 ಮತ್ತು 9 ಮಾತ್ರ. ಹೆಚ್ಚಿನ ಲಾಭಕ್ಕೆ ಆಸೆಪಟ್ಟರೆ ಮೂಲವೇ ಮುಳುಗುವ ಭಯವುಂಟು. ಶಾಶ್ವತವಾಗಿ ಸಲ್ಲಬೇಕಾದ ಬಡ್ಡಿ ಕೊಡುವವನಿಗೆ ಹೊರೆಯಾಗದಷ್ಟಿರಬೇಕು. ಒಂದೇ ಶ್ರೇಣಿಯಲ್ಲಿ ಎಲ್ಲವನ್ನೂ ಇಡದೆ ಎರಡರಲ್ಲಿ ಹಂಚಿಟ್ಟುದೂ ಇದೇ ಎಚ್ಚರಿಕೆಯ ಫಲವೆನ್ನಬಹುದು.

ಮೂರನೆಯ ಎಚ್ಚರಿಕೆ ದಾಖಲೆಯದು. ಇದೆಲ್ಲವನ್ನೂ ನಿಗಮಸಭೆಯಲ್ಲಿ ಸಾರಿ ಹೇಳಲಾಯಿತು. ವಾಡಿಕೆಯಂತೆ ದಾಖಲೆಯ ಹಲಗೆಗಳಲ್ಲಿ ಬರೆಯಿಸಲಾಯಿತು. ದಾನಿಗೂ ಶ್ರೇಣಿಗೂ ನಡುವೆ ಗುಟ್ಟಾಗಿ ಉಳಿಯುವ ಒಪ್ಪಂದವಾಗಿರದೆ, ಅದು ಊರಿಗೆ ಊರೇ ಸಾಕ್ಷಿಯಾದ ವ್ಯವಹಾರವಾಯಿತು. ಮರದ ಹಲಗೆಗಳು ಎಂದೋ ಮಣ್ಣಾದುವು. ಅವುಗಳ ಮಾತನ್ನು ಬಂಡೆ ಇಂದಿಗೂ ಹೇಳುತ್ತಿದೆ.

ಆದರೂ ಈ ವ್ಯವಸ್ಥೆಯಲ್ಲಿ ಒಂದು ದುರ್ಬಲವಾದ ಎಳೆಯುಂಟು. ಆಯ 240, ವ್ಯಯ 240. ಒಂದು ವರ್ಷ ಬಡ್ಡಿ ತಡವಾದರೆ ತುಂಬಿಕೊಳ್ಳಲು ಮೀಸಲಿಲ್ಲ. ಬಟ್ಟೆಯ ಬೆಲೆ ಏರಿದರೆ ಹನ್ನೆರಡು ಕಾರ್ಷಾಪಣಗಳಿಗೆ ಚೀವರ ದೊರೆಯದು. ದಾನಿ ನಾಣ್ಯದ ಸಂಖ್ಯೆಯನ್ನು ಅಕ್ಷಯಗೊಳಿಸಿದನೇ ಹೊರತು ಅದರ ಕೊಳ್ಳುವ ಶಕ್ತಿಯನ್ನಲ್ಲ.

ರಾಜ್ಯ ಬದಲಾದಾಗ

ಈ ದತ್ತಿ ಸ್ಥಾಪಿತವಾದ ಕೆಲವೇ ವರ್ಷಗಳಲ್ಲಿ ನಾಡಿನ ಒಡೆತನ ಬದಲಾಯಿತು. ಸಾತವಾಹನ ದೊರೆ ಗೌತಮೀಪುತ್ರ ಸಾತಕರ್ಣಿ ಕ್ಷಹರಾತರನ್ನು ಕಿತ್ತೊಗೆದನು. ನಾಸಿಕ ಜಿಲ್ಲೆಯ ಜೋಗಲ್‌ಥೆಂಬಿಯಲ್ಲಿ 1906ರಲ್ಲಿ ದೊರೆತ ನಾಣ್ಯಗಳ ನಿಧಿ ಇದಕ್ಕೆ ಕಣ್ಣಿಗೆ ಕಾಣುವ ಸಾಕ್ಷ್ಯ. ಅದರಲ್ಲಿದ್ದ 13,000ಕ್ಕೂ ಹೆಚ್ಚಿನ ಬೆಳ್ಳಿಯ ನಾಣ್ಯಗಳು ನಹಪಾನನವು. ಅವುಗಳಲ್ಲಿ ಸುಮಾರು 9,000ದ ಮೇಲೆ ಗೌತಮೀಪುತ್ರ ತನ್ನ ಮುದ್ರೆಯನ್ನು ಮತ್ತೆ ಒತ್ತಿಸಿದ್ದಾನೆ. ಬೆಳ್ಳಿ ಅದೇ, ಮುದ್ರೆ ಬೇರೆ.

ಗೆದ್ದ ಅರಸ ಸೋತವನ ದಾನಗಳನ್ನು ಅಳಿಸಲಿಲ್ಲ. ಗೌತಮೀಪುತ್ರನ ಆಳ್ವಿಕೆಯ 18ನೆಯ ವರ್ಷದ ಆಜ್ಞೆ ಇದೇ ಬೆಟ್ಟದ 3ನೆಯ ಗುಹೆಯಲ್ಲಿದೆ. ವೈಜಯಂತಿಯ ಹೆಸರನ್ನು ಹೊತ್ತ ವಿಜಯಶಿಬಿರದಿಂದ ಹೊರಟ ಈ ಆಜ್ಞೆ ಗೋವರ್ಧನದ ಅಮಾತ್ಯ ವಿಷ್ಣುಪಾಲಿತನನ್ನು ಉದ್ದೇಶಿಸಿದೆ. ಬನವಾಸಿಗೂ ವೈಜಯಂತಿಯೆಂಬ ಹೆಸರಿದ್ದುದನ್ನು ಕನ್ನಡಿಗರು ಬಲ್ಲರು. ಅಪರಕಖಡಿ ಗ್ರಾಮದಲ್ಲಿ ಹಿಂದೆ ಉಷವದಾತನು ಅನುಭವಿಸುತ್ತಿದ್ದ 200 ನಿವರ್ತನಗಳ ಹೊಲವನ್ನು ತ್ರಿರಶ್ಮಿಯ ಭಿಕ್ಷುಗಳಿಗೆ ಕೊಟ್ಟಿರುವುದಾಗಿ ಅರಸ ತಿಳಿಸುತ್ತಾನೆ. ಅದರೊಡನೆ ಪರಿಹಾರಗಳೆಂಬ ವಿನಾಯಿತಿಗಳೂ ಸೇರಿವೆ: ರಾಜಾಧಿಕಾರಿಗಳು ಆ ಹೊಲವನ್ನು ಪ್ರವೇಶಿಸಕೂಡದು, ಅದಕ್ಕೆ ಕೈಯಿಕ್ಕಕೂಡದು, ಉಪ್ಪಿಗಾಗಿ ಅಲ್ಲಿ ಅಗೆಯಕೂಡದು.

ಉಳುಮೆಯಿಲ್ಲದ ಹೊಲ

ಸಾಮಾನ್ಯವಾಗಿ ದಾನಶಾಸನಗಳ ಕಥೆ ಕೊಟ್ಟಲ್ಲಿಗೇ ಮುಗಿಯುತ್ತದೆ. ಮುಂದೇನಾಯಿತು ಎಂಬುದನ್ನು ಕಲ್ಲು ಹೇಳುವುದು ಅಪರೂಪ. ಈ ಹೊಲದ ಮಟ್ಟಿಗೆ ಮಾತ್ರ ಅದೇ ಗೋಡೆ ಮುಂದಿನ ಕಥೆಯನ್ನೂ ಹೇಳುತ್ತದೆ. ಆರು ವರ್ಷಗಳ ತರುವಾಯ, ಆಳ್ವಿಕೆಯ 24ನೆಯ ವರ್ಷದಲ್ಲಿ, ಗೌತಮೀಪುತ್ರನೂ ರಾಜಮಾತೆಯೂ ಕೂಡಿ ಗೋವರ್ಧನದ ಅಮಾತ್ಯ ಶ್ಯಾಮಕನಿಗೆ ಇನ್ನೊಂದು ಆಜ್ಞೆ ಕಳಿಸಿದರು. ಕಖಡಿ ಗ್ರಾಮದಲ್ಲಿ ಹಿಂದೆ ಭಿಕ್ಷುಗಳಿಗೆ ಕೊಟ್ಟ ಹೊಲದಲ್ಲಿ ಉಳುಮೆ ನಡೆಯುತ್ತಿಲ್ಲ. ಆ ಗ್ರಾಮದಲ್ಲಿ ಜನವಸತಿಯೂ ಇಲ್ಲ. ಆದುದರಿಂದ ನಗರದ ಗಡಿಯಲ್ಲಿ ತಮಗೆ ಸೇರಿದ ರಾಜಕ್ಷೇತ್ರದಿಂದ 100 ನಿವರ್ತನಗಳನ್ನು ಕೊಡತಕ್ಕದ್ದು ಎಂಬುದು ಅದರ ಸಾರ.

ಈ ಕೆಲವು ಸಾಲುಗಳಲ್ಲಿ ಅಡಗಿರುವ ಅನುಭವ ದೊಡ್ಡದು. ಇನ್ನೂರು ನಿವರ್ತನಗಳು ಕಾಗದದ ಮಾತಿನಲ್ಲಿ ಹೇಳುವುದಾದರೆ ಸಂಘದ ಆಸ್ತಿಯೇ. ವಿನಾಯಿತಿಗಳು ಪೂರ್ಣವಾಗಿದ್ದುವು, ರಾಜಮುದ್ರೆಯೂ ಇದ್ದಿತು. ಆದರೆ ಉಳುವ ಕೈಗಳಿರಲಿಲ್ಲ. ಜನರಿಲ್ಲದ ಊರಿನ ಇನ್ನೂರಕ್ಕಿಂತ ನಗರದ ಅಂಚಿನ ನೂರು ಮೇಲೆಂದು ಕೊಟ್ಟವರೂ ಪಡೆದವರೂ ಕಂಡುಕೊಂಡಿರಬೇಕು. ಅದಕ್ಕಿಂತ ಮುಖ್ಯವಾದುದು, ಕೊಟ್ಟ ದಾನ ಫಲಿಸುತ್ತಿಲ್ಲವೆಂಬುದು ದಾನಿಗೆ ತಿಳಿಯಿತು, ತಿಳಿದ ಮೇಲೆ ಅದನ್ನು ಸರಿಪಡಿಸುವ ಕೆಲಸ ನಡೆಯಿತು. ಇತ್ತ ದಾನವನ್ನು ಹಿಂದಿರುಗಿ ನೋಡುವ ಈ ಔದಾರ್ಯ ಕೊಡುವ ಔದಾರ್ಯಕ್ಕಿಂತ ವಿರಳ.

ಇದು ಒಂದೇ ನಿದರ್ಶನವೂ ಅಲ್ಲ. ಗೌತಮೀಪುತ್ರನ ಮಗ ಪುಳುಮಾವಿಯ 22ನೆಯ ವರ್ಷದ ಆಜ್ಞೆ ಇಲ್ಲಿಯೇ ಇದೆ. ಭಿಕ್ಷುಗಳಿಗೆ ಹಿಂದೆ ಕೊಟ್ಟಿದ್ದ ಸುದಸಣ ಗ್ರಾಮಕ್ಕೆ ಬದಲಾಗಿ ಸಾಮಲಿಪದ ಗ್ರಾಮವನ್ನು ಕೊಟ್ಟ ಸಂಗತಿ ಅದರಲ್ಲಿದೆ. ದತ್ತಿಯ ಉದ್ದೇಶವನ್ನು ಸ್ಥಿರವಾಗಿಟ್ಟು ಅದರ ಆಧಾರವನ್ನು ಬದಲಾಯಿಸುವ ಪದ್ಧತಿ ಹೀಗೆ ಎರಡು ತಲೆಮಾರುಗಳಲ್ಲಿ ಕಾಣಸಿಗುತ್ತದೆ.

ವಿಷ್ಣುದತ್ತೆಯ ಔಷಧಿದತ್ತಿ

ಸಾತವಾಹನರ ಪ್ರಭಾವ ಅಡಗಿದ ಮೇಲೆ ಈ ಸೀಮೆಯಲ್ಲಿ ಆಭೀರರು ಆಳಿದರು. ಆಭೀರ ದೊರೆ ಈಶ್ವರಸೇನನ 9ನೆಯ ವರ್ಷದ ಶಾಸನ, ಸುಮಾರು ಕ್ರಿ. ಶ. 3ನೆಯ ಶತಮಾನದ್ದು, ಉಷವದಾತನ ಗುಹೆಯಲ್ಲಿಯೇ ಇದೆ. ಇದರ ದಾತೃ ಶಕಕುಲದ ಅಗ್ನಿವರ್ಮನ ಮಗಳೂ ಗಣಪಕ ರೇಭಿಲನ ಮಡದಿಯೂ ಆದ ಉಪಾಸಿಕೆ ವಿಷ್ಣುದತ್ತೆ. ತ್ರಿರಶ್ಮಿಯ ವಿಹಾರದಲ್ಲಿರುವ ಭಿಕ್ಷುಗಳು ರೋಗಪೀಡಿತರಾದಾಗ ಔಷಧಿ ದೊರೆಯಲೆಂದು ಅವಳು ಅಕ್ಷಯನೀವಿಯನ್ನು ಸ್ಥಾಪಿಸಿದಳು.

ಅವಳ ಹಣ ಹಲವು ಶ್ರೇಣಿಗಳಲ್ಲಿ ಹಂಚಿಹೋಗಿದೆ. ಕುಂಬಾರರೆಂದು ಊಹಿಸಲಾಗಿರುವ ಕುಲರಿಕರ ಶ್ರೇಣಿಯಲ್ಲಿ 1,000. ನೀರಿನ ಯಂತ್ರಗಳನ್ನು ಮಾಡುವ ಓದಯಂತ್ರಿಕರ ಶ್ರೇಣಿಯಲ್ಲಿ 2,000. 500ರ ಇನ್ನೊಂದು ಠೇವಣಿಯ ಉಲ್ಲೇಖವೂ ಎಣ್ಣೆ ತೆಗೆಯುವವರ ಶ್ರೇಣಿಯ ಹೆಸರೂ ಇವೆ. ಉಷವದಾತನ ಕಾಲದಲ್ಲಿ ಎರಡು ಶ್ರೇಣಿಗಳು, ಎರಡೂ ಒಂದೇ ಕಸುಬಿನವು. ನೂಲಿನ ಬೆಲೆ ಏರಿದ ವರ್ಷ ಎರಡಕ್ಕೂ ಕಷ್ಟ. ವಿಷ್ಣುದತ್ತೆಯಾದರೋ ಬೇರೆ ಬೇರೆ ಕಸುಬುಗಳನ್ನು ಆರಿಸಿದಳು. ಒಂದು ಕಸುಬು ಸೊರಗಿದರೂ ಇನ್ನೊಂದರ ಬಡ್ಡಿ ನಿಲ್ಲದೆ ಬರುತ್ತದೆ. ರಾಜವಂಶಗಳು ಎರಡು ಸಲ ಬದಲಾದರೂ ಶ್ರೇಣಿಗಳ ಮೇಲಿನ ನಂಬಿಕೆ ಅಳಿಯದೆ ಉಳಿದುದು ಈ ಶಾಸನದ ಇನ್ನೊಂದು ಸೂಚನೆ.

ಕಾಯುವವರು ಊರು ಬಿಟ್ಟರೆ?

ಶ್ರೇಣಿಯೇ ವಲಸೆ ಹೋದರೆ ದತ್ತಿಯ ಗತಿಯೇನು ಎಂಬ ಶಂಕೆಗೆ ಉತ್ತರ ನಾಸಿಕದಲ್ಲಿಲ್ಲ. ಉತ್ತರ ಭಾರತದ ಒಂದು ತಾಮ್ರಪಟದಲ್ಲಿದೆ. ಬುಲಂದ್‌ಶಹರ್ ಜಿಲ್ಲೆಯ ಇಂದೋರ್ ಗ್ರಾಮದಲ್ಲಿ ದೊರೆತ ಈ ಪಟ ಸ್ಕಂದಗುಪ್ತನ ಕಾಲದ್ದು, ಕ್ರಿ. ಶ. 465ರದ್ದು. ದೇವವಿಷ್ಣುವೆಂಬ ಬ್ರಾಹ್ಮಣನು ಸೂರ್ಯದೇವಾಲಯದ ದೀಪದ ಎಣ್ಣೆಗಾಗಿ, ಜೀವಂತನೆಂಬಾತನು ಮುಖ್ಯನಾಗಿದ್ದ ಇಂದ್ರಪುರದ ತೈಲಿಕ ಶ್ರೇಣಿಯಲ್ಲಿ ದತ್ತಿಯಿಟ್ಟನು. ಶ್ರೇಣಿ ಈ ಊರನ್ನು ಬಿಟ್ಟು ಹೋದರೂ, ಒಗ್ಗಟ್ಟಾಗಿ ಇರುವ ತನಕ ಈ ಹೊಣೆ ಅದರದೇ ಎಂಬುದು ಅಲ್ಲಿನ ನಿಬಂಧನೆ. ಇದು ಬರಿಯ ಊಹೆಯ ಭಯವಲ್ಲ. ಲಾಟದೇಶದಿಂದ ದಶಪುರಕ್ಕೆ, ಅಂದರೆ ಇಂದಿನ ಮಂದಸೋರಿಗೆ, ವಲಸೆ ಬಂದ ರೇಷ್ಮೆ ನೇಕಾರರ ಶ್ರೇಣಿಯ ಕಥೆ ಅಲ್ಲಿನ ಶಾಸನದಲ್ಲಿದೆ. ಅವರಲ್ಲಿ ಕೆಲವರು ಬೇರೆ ವೃತ್ತಿಗಳನ್ನು ಹಿಡಿದರೂ ಶ್ರೇಣಿ ಒಡೆಯಲಿಲ್ಲ. ಕ್ರಿ. ಶ. 437ರ ಸುಮಾರಿಗೆ ತಾವು ಕಟ್ಟಿಸಿದ ಸೂರ್ಯದೇವಾಲಯವನ್ನು 473ರ ಸುಮಾರಿಗೆ ಅವರೇ ಜೀರ್ಣೋದ್ಧಾರ ಮಾಡಿಸಿದರು. ದತ್ತಿಗೆ ನೆಲೆಯಾಗಿ ಬೇಕಾದುದು ಊರಿಗಿಂತ ಮಿಗಿಲಾಗಿ ಒಗ್ಗಟ್ಟು.

ಇಂದಿನ ದತ್ತಿಗಳು

ಕನ್ನಡ ನಾಡಿನ ಮಠಮಂದಿರಗಳ ಧರ್ಮಕಾರ್ಯಗಳಿಗೆ ಮುಖ್ಯ ಆಸರೆಯಾಗಿದ್ದುದು ಭೂದತ್ತಿ. ಬಳ್ಳಿಗಾವೆಯ ಕೋಡಿಯಮಠವನ್ನು ವರ್ಣಿಸುವ 1162ರ ಶಾಸನ, ವೇದ ವ್ಯಾಕರಣ ದರ್ಶನಗಳ ಅಧ್ಯಯನಕ್ಕೂ, ದೀನರಿಗೂ ಅಂಗವಿಕಲರಿಗೂ ಅನ್ನಕ್ಕೂ, ರೋಗಿಗಳಿಗೆ ಔಷಧಿಗೂ ಅದು ನೆಲೆಯಾಗಿತ್ತೆಂದು ಹೇಳುತ್ತದೆ. ಇಂಥ ಮಠಗಳ ದಾಸೋಹದ ಹಿಂದೆಯೂ ಉಳುವ ಕೈಗಳಿದ್ದುವು. ಕಖಡಿಯ ಹೊಲದ ಪಾಠ ಅವಕ್ಕೂ ಅನ್ವಯಿಸುತ್ತದೆ.

ಈಗ ಭೂಮಿಯ ಸ್ಥಾನಕ್ಕೆ ಮತ್ತೆ ನಗದು ಬಂದಿದೆ. 1890ರ ಧರ್ಮಾರ್ಥ ದತ್ತಿಗಳ ಅಧಿನಿಯಮದ ಮೇರೆಗೆ ದತ್ತಿಧನವನ್ನು ಸರ್ಕಾರದ ಖಜಾನೆದಾರನಲ್ಲಿ ವಿಹಿತಗೊಳಿಸುವ ಪದ್ಧತಿ ಬಂದಿತು. ಕನ್ನಡ ಸಾಹಿತ್ಯ ಪರಿಷತ್ತಿನಲ್ಲಿಯೂ ವಿಶ್ವವಿದ್ಯಾನಿಲಯಗಳಲ್ಲಿಯೂ ಶಾಲೆಗಳಲ್ಲಿಯೂ ತಂದೆತಾಯಿಗಳ ಹೆಸರಿನಲ್ಲಿ ಇಟ್ಟ ದತ್ತಿನಿಧಿಗಳು ಹಲವು. ಮೂಲಧನ ಬ್ಯಾಂಕಿನಲ್ಲಿ, ಬಡ್ಡಿಯಿಂದ ಉಪನ್ಯಾಸ, ಬಹುಮಾನ, ವಿದ್ಯಾರ್ಥಿವೇತನ. ಇದು ಅಕ್ಷಯನೀವಿಯೇ, ನೇಕಾರರ ಜಾಗದಲ್ಲಿ ಬ್ಯಾಂಕಿದೆ ಎಂಬುದಷ್ಟೇ ವ್ಯತ್ಯಾಸ.

ಉಷವದಾತನ ಲೆಕ್ಕದ ದುರ್ಬಲವಾದ ಎಳೆಯೂ ಇಲ್ಲಿ ಹಾಗೆಯೇ ಮುಂದುವರಿದಿದೆ. 10,000 ರೂಪಾಯಿಗಳ ಒಂದು ದತ್ತಿಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಬ್ಯಾಂಕುಗಳು ನೂರಕ್ಕೆ 12 ಕೊಡುತ್ತಿದ್ದ 1990ರ ದಶಕದಲ್ಲಿ ಅದರ ಉತ್ಪನ್ನ ವರ್ಷಕ್ಕೆ 1,200 ರೂಪಾಯಿ. ದರ 6ಕ್ಕೆ ಇಳಿದರೆ ಅದು 600. ಅಷ್ಟರಲ್ಲಿ ಪುಸ್ತಕದ ಬೆಲೆ, ಊಟದ ಬೆಲೆ, ಶುಲ್ಕ ಎಲ್ಲವೂ ಹಲವು ಪಟ್ಟು ಏರಿರುತ್ತವೆ. ಮೂಲಧನ ಪೈಸೆಯೂ ಕರಗದೆ ಉಳಿದಿದ್ದರೂ ದತ್ತಿ ಕ್ಷಯಿಸಿದೆ. ಬಡ ವಿದ್ಯಾರ್ಥಿಯ ವರ್ಷದ ಖರ್ಚಿಗೆಂದು ಇಟ್ಟ ಹಣ ಅವನ ಒಂದು ತಿಂಗಳಿಗೂ ಸಾಲದೆ, ಹೆಸರಿಗೆ ಮಾತ್ರ ಉಳಿದ ಪ್ರಶಸ್ತಿಪತ್ರವಾಗುತ್ತದೆ.

ಇದಕ್ಕೆ ಮದ್ದು ಹಳೆಯ ಗೋಡೆಗಳಲ್ಲಿಯೇ ಸೂಚಿತವಾಗಿದೆ. ಬಡ್ಡಿಯೆಲ್ಲವನ್ನೂ ವೆಚ್ಚಮಾಡದೆ ಒಂದು ಪಾಲನ್ನು ಮೂಲಕ್ಕೆ ಕೂಡಿಸುತ್ತ ಬಂದರೆ ಬೆಲೆಯೇರಿಕೆಯನ್ನು ಸ್ವಲ್ಪಮಟ್ಟಿಗೆ ಎದುರಿಸಬಹುದು. ಉಷವದಾತ ಬಿಟ್ಟ ಕೊರತೆ ಇದೇ. ಎಲ್ಲವನ್ನೂ ಒಂದೆಡೆ ಇಡದಿರುವ ಬುದ್ಧಿ ವಿಷ್ಣುದತ್ತೆಯದು. ಸಭೆಯ ಮುಂದೆ ಲೆಕ್ಕವನ್ನು ಸಾರುವ ಪದ್ಧತಿ ಗೋವರ್ಧನದ್ದು. ಕೊಟ್ಟು ಆರು ವರ್ಷಗಳಾದ ಮೇಲೆ ಹೊಲದಲ್ಲಿ ಉಳುಮೆ ನಡೆಯುತ್ತಿದೆಯೇ ಎಂದು ವಿಚಾರಿಸಿ ಬದಲಿ ಕೊಡುವ ಹೊಣೆಗಾರಿಕೆ ಗೌತಮೀಪುತ್ರನದು, ಅವನ ತಾಯಿಯದು. ಬಹುಮಾನದ ದತ್ತಿಗಳು ತೀರ ಚಿಕ್ಕವಾಗಿಬಿಟ್ಟಾಗ ದಾನಿಯ ಮನೆತನದವರೂ ಸಂಸ್ಥೆಯವರೂ ಕೂಡಿ ಮೂಲವನ್ನು ಹೆಚ್ಚಿಸುವುದಾಗಲಿ, ಒಂದೇ ಉದ್ದೇಶದ ಹಲವು ದತ್ತಿಗಳನ್ನು ಜೋಡಿಸಿ ಒಬ್ಬನಿಗಾದರೂ ನಿಜವಾದ ನೆರವಾಗುವಂತೆ ಮಾಡುವುದಾಗಲಿ ಈ ಹಳೆಯ ನಡೆಗೆ ಹೊಂದುವ ಕೆಲಸವೇ.

ಅಕ್ಷಯವೆಂಬುದು ಧನದ ಗುಣವಲ್ಲ. ಹಣ ಕರಗುತ್ತದೆ, ಮುದ್ರೆ ಬದಲಾಗುತ್ತದೆ, ಊರು ಬರಿದಾಗುತ್ತದೆ. ದತ್ತಿಯನ್ನು ಅಕ್ಷಯಗೊಳಿಸುವವರು ಅದನ್ನು ಕಾಯುವ, ಎಣಿಸುವ, ಎಣಿಸಿ ಸರಿಪಡಿಸುವ ಜನ. ರಾಮಣ್ಣಕನ ನೂರು ಕಾರ್ಷಾಪಣಗಳ ಅಳತೆಗೋಲು ನೂರರಲ್ಲಿಲ್ಲ; ಮಳೆಗಾಲ ಕಳೆದು ಗುಹೆಯಿಂದ ಹೊರಬಂದ ಭಿಕ್ಷುವಿನ ಮೈಮೇಲೆ ಬಟ್ಟೆಯಿದ್ದಿತೇ ಎಂಬುದರಲ್ಲಿದೆ. ದತ್ತಿಯ ಲೆಕ್ಕಪುಸ್ತಕವನ್ನು ತೆರೆಯುವವರು ಮೊದಲು ಕೇಳಬೇಕಾದ ಪ್ರಶ್ನೆ ಇಂದಿಗೂ ಅದೇ.